ಒತೆಗೆನ್‌ನ ಪಾಲಿನ ತಲೆ

ಒತೆಗೆನ್ ಮಾತಿಗೆ ನಿಂತನೆಂದರೆ ಮೊದಲು ಮಾತಾಡುತ್ತಿದ್ದುದು ಅವನ ಟೋಪಿ. ನರಿಯ ತುಪ್ಪಳದ ಆ ಹಳೆಯ ಟೋಪಿಯನ್ನು ತೆಗೆದು, ಒಮ್ಮೆ ಊದಿ, ಮೇಜಿನ ಮೇಲೆ ಅಂಗಾತ ಇಟ್ಟು, ಅದರೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕುತ್ತ ನಿಂತುಬಿಡುವನು. ಸಭೆಯ ಕೆಮ್ಮು, ಕುರ್ಚಿಗಳ ಕಿರುಗುಟ್ಟುವಿಕೆ, ಹಿಂದಿನ ಬೆಂಚಿನ ಪಿಸುಮಾತು ಎಲ್ಲವೂ ಅಡಗಿ, ಕಿಟಕಿಯಾಚೆಯ ಹುಲ್ಲುಗಾವಲಿನ ಗಾಳಿಯ ಸದ್ದಷ್ಟೇ ಉಳಿದಾಗ, ತಲೆಯೆತ್ತಿ, "ಹೌದೋ ಅಲ್ವೋ, ಬಂಧುಗಳೇ?" ಎನ್ನುವನು. ಇನ್ನೂ ಏನನ್ನೂ ಹೇಳಿರುವುದಿಲ್ಲ, ಮಾರಾಯರೇ! ಆದರೂ ಇಡೀ ಸಭೆ ಹೌದೆಂದು ತಲೆಯಾಡಿಸುತ್ತಿತ್ತು. ಇದೇ ಉಪಾಯವನ್ನು ನಾನೊಮ್ಮೆ ನನ್ನ ತರಗತಿಯಲ್ಲಿ ಪ್ರಯೋಗಿಸಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, ನಮ್ಮಲ್ಲಿ ಮೇಷ್ಟರನ್ನು ಕರೆಯುವಂತೆ, "ಅಗಾಯ್, ಏನಾದ್ರೂ ಕಳ್ಕೊಂಡ್ರಾ?" ಎಂದು ಕೇಳಿದಳು.

ನನಗೆ ಹೊಟ್ಟೆಕಿಚ್ಚು, ಸುತ್ತಿಬಳಸದೆ ಹೇಳಿಬಿಡುತ್ತೇನೆ. ಕರಾಗಂಡಾ ನಗರದ ವಿಶ್ವವಿದ್ಯಾಲಯದಲ್ಲಿ ನಮ್ಮ ವಾಗ್ಮಿತಾ ವಿಭಾಗಕ್ಕೆ ಅವನು ನನಗಿಂತ ತಡವಾಗಿ ಬಂದವನು, ವಯಸ್ಸಿನಲ್ಲೂ ಚಿಕ್ಕವನು. ಕುದುರೆಯ ಬೆನ್ನಿನ ಮೇಲೆ ಬೆಳೆದವರ ಬಿಲ್ಲುಗಾಲು, ಬೇಸಿಗೆಯಲ್ಲೂ ಮೈಬಿಡದ ಒಂಟೆಯುಣ್ಣೆಯ ಕೋಟು, ಇಷ್ಟನ್ನೇ ಬಂಡವಾಳವಾಗಿ ತಂದಿದ್ದ. ಪ್ರಾಚೀನ ರೋಮಿನ ನ್ಯಾಯಾಲಯ ಭಾಷಣಗಳ ಮೇಲೆ ನಾನು ಅಡಿಟಿಪ್ಪಣಿಗಳ ಭಾರದಿಂದ ಬಾಗಿದ ಮಹಾಪ್ರಬಂಧವೊಂದನ್ನು ಬರೆದು, ಅದನ್ನು ಸಮರ್ಥಿಸಿಕೊಳ್ಳಲು ನಿಂತ ದಿನ ಪರೀಕ್ಷಕರು ನನ್ನ ಬೆವರಿಳಿಸಿದ್ದರು. ಅವನು ಬರೆದದ್ದು ನಮ್ಮ ಹಿರಿಯರು ಊಟದ ಕೊನೆಗೆ ಅಂಗೈಯೆತ್ತಿ ಹರಸುವ ನುಡಿಗಳ ಮೇಲೆ. ಉದಾಹರಣೆಗೆಂದು ಅಂಥದೊಂದು ಆಶೀರ್ವಚನವನ್ನು ಅದೇ ಧಾಟಿಯಲ್ಲಿ ಹೇಳಿದ ನೋಡಿ, ಪರೀಕ್ಷಕರೆಲ್ಲ ಅಭ್ಯಾಸಬಲದಿಂದ ಅಂಗೈಯೊಡ್ಡಿ, "ಆಮೀನ್" ಎಂದು ಮುಖ ಸವರಿಕೊಂಡು, ಎದ್ದೇಬಿಟ್ಟರು! ನಮ್ಮಲ್ಲಿ ಹರಸಿದ ಮೇಲೆ ಪಂಕ್ತಿಯಲ್ಲಿ ಮತ್ತೆ ಕೂರುವವರಿಲ್ಲ. ಹೀಗೆ ಒಂದೇ ಒಂದು ಪ್ರಶ್ನೆಗೂ ಉತ್ತರಿಸದೆ ಅವನು ಡಾಕ್ಟರನಾದ, ಪ್ರಾಧ್ಯಾಪಕನಾದ, ನನಗೆ ಬರಬೇಕಿದ್ದ ವಿಭಾಗಾಧ್ಯಕ್ಷರ ಕುರ್ಚಿಯಲ್ಲೂ ಕೂತ.

ಕುರ್ಚಿಯನ್ನಾದರೂ ಮರೆತೇನು, ಕುರಿಯ ತಲೆಯನ್ನು ಮರೆಯಲಾರೆ. ವಿಭಾಗದಲ್ಲಿ ಯಾರಿಗೇ ಪದವಿ ಬರಲಿ, ಔತಣದಲ್ಲಿ ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು ಪಂಕ್ತಿಯ ಹಿರಿಯನ ಮುಂದಿಡಬೇಕು. ಅವನು ಅದನ್ನು ಕೊಯ್ದು ಹಂಚಿದ ಮೇಲೆಯೇ ಉಳಿದವರ ಊಟ. ಹಿರಿಯ ನಾನೇ. ಆದರೆ ಅಪ್ಪ ಬದುಕಿರುವವನು ಆ ತಲೆಗೆ ಚೂರಿಯಿಡುವಂತಿಲ್ಲವೆಂಬುದು ನಮ್ಮ ಕಟ್ಟಳೆ, ಮತ್ತು ನನ್ನಪ್ಪ ತೊಂಬತ್ತು ದಾಟಿಯೂ ಹಳ್ಳಿಯಲ್ಲಿ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದ. ಒತೆಗೆನ್‌ನ ಅಪ್ಪನೋ, ಮಗ ಇನ್ನೂ ತೊದಲುತ್ತಿದ್ದಾಗಲೇ ತೀರಿಕೊಂಡವನು. ಹೀಗಾಗಿ ತಟ್ಟೆ ಹಬೆಯಾಡುತ್ತ ನನ್ನ ಮೂಗಿನ ಮುಂದೆಯೇ ಹಾದು ಅವನ ಮುಂದೆ ನಿಲ್ಲುತ್ತಿತ್ತು. ನರೆತ ಗಡ್ಡ ಹೊತ್ತ ನಾನು ಹುಡುಗರ ಸಾಲಿನವನಾಗಿ ಕೂತಿರುತ್ತಿದ್ದೆ. ಎಲ್ಲರೂ ನನ್ನನ್ನು ಗೌರವದಿಂದ 'ತಾಕೆ' ಎನ್ನುತ್ತಾರೆ, ವಿಭಾಗದ ಗುಮಾಸ್ತೆ ಶಾರ್ಬಾನು ಆ ಗೌರವದಲ್ಲೇ ಕಿಚಾಯಿಸುವಳು: "ಬೇಜಾರಾ ತಾಕೆ? ನಿಮ್ಗಿನ್ನೂ ವಯಸ್ಸೇ ಆಗಿಲ್ಲ ಅಂತ ಖುಷಿಪಡಿ!"

ತಲೆ ಕೊಯ್ಯುವುದರಲ್ಲಿ ಒತೆಗೆನ್‌ಗೆ ಒಂದು ಹಟದ ರೂಢಿಯಿತ್ತು. ಮೊದಲು ಕೊಯ್ದ ಕೆನ್ನೆಯ ತುಂಡನ್ನು ಯಾರಿಗೂ ಕೊಡದೆ, ಕಾಗದದಲ್ಲಿ ಸುತ್ತಿ, ಎಲ್ಲರೆದುರು ನನ್ನ ಜೇಬಿಗೆ ತುರುಕಿ, "ತಾಕೆ, ಇದು ಅಪ್ಪನ ಪಾಲು. ದಾರೀಲಿ ನೀವೇ ತಿಂದುಬಿಟ್ಟೀರಿ, ಜೋಕೆ!" ಎನ್ನುವನು. ಪಂಕ್ತಿ ಘೊಳ್ಳೆಂದು ನಗುತ್ತಿತ್ತು. ನನಗೆ ಮೈಯೆಲ್ಲ ಉರಿ. ಶನಿವಾರ ಬಸ್ಸು ಹಿಡಿದು ಹಳ್ಳಿಗೆ ಹೋಗಿ ಅದನ್ನು ಕೊಟ್ಟರೆ ಅಪ್ಪನಿಗೆ ಹಬ್ಬ.

"ಒತೆಗೆನ್ ಕಳಿಸಿದ್ನಾ?" ಎಂದು ಬೊಚ್ಚುಬಾಯಲ್ಲಿ ಚೀಪುತ್ತ ಕೇಳುವನು. "ಎಂಥಾ ಹುಡುಗನೋ ಅವನು! ಮೊನ್ನೆ ರೇಡಿಯೋದಲ್ಲಿ ಮಾತಾಡ್ದ. ನಿನ್ನ ಯಾಕೋ ಕರೆಯಲ್ಲ ಅವ್ರು?"

"ನಂಗೆಲ್ಲಿ ಪುರುಸೊತ್ತಪ್ಪಾ."

"ಹಾಂ... ಮತ್ತೆ ಅವ್ನಿಗೆ ಹೆಂಗೆ ಪುರುಸೊತ್ತಾಗತ್ತೆ?"

ಹೆತ್ತಪ್ಪನೂ ಅವನ ಕಡೆಗೇ ಹೋದನಲ್ಲ ಎಂದು ನಾನು ಅಂಗಳಕ್ಕೆ ಹೋಗಿ, ಬೇಕಿಲ್ಲದಿದ್ದರೂ ಸೌದೆ ಒಡೆಯುತ್ತಿದ್ದೆ.

ಕಳೆದ ಚಳಿಗಾಲ ಅಪ್ಪ ತೀರಿಕೊಂಡ. ಸಾವಿನ ಮನೆಗೆ ಬರುವ ಗಂಡಸರು ದೂರದಿಂದಲೇ "ನನ್ನ ಬಂಧುವೇ!" ಎಂದು ಗಟ್ಟಿಯಾಗಿ ಅಳುತ್ತ ಬರಬೇಕು, "ನನ್ನಪ್ಪಾ" ಎಂದು ಅಳುವ ಹಕ್ಕು ಮಕ್ಕಳದ್ದು. ಬಾಗಿಲಲ್ಲಿ ಕೋಲಿಗೊರಗಿ ನಿಂತ ನನ್ನ ಬಾಯಿಂದ ಹೊರಬಂದದ್ದು ಬರೀ ಕೀರಲು. ಅಷ್ಟರಲ್ಲಿ ಆ ಒಂಟೆಯುಣ್ಣೆಯ ಕೋಟು, ಬಿಲ್ಲುಗಾಲುಗಳು ಹಿಮದಲ್ಲಿ ತೊಡರುತ್ತಿರಲು, ಓಡಿಬಂತು. "ಅಪ್ಪಾ... ನನ್ನಪ್ಪಾ!" ಹಿರಿಯರು ಹುಬ್ಬೇರಿಸಿದರು. "ಯಾರಿವ್ನು, ಎರಡನೇ ಮಗನಾ?" ಎಂದು ಒಬ್ಬ ಮುದುಕ ಕೇಳಿಯೇಬಿಟ್ಟ. ಜೀವಮಾನವಿಡೀ ಸಭೆಯಲ್ಲಿ ಒಂದು ಪದ ತಪ್ಪದ ಮನುಷ್ಯ ಅಲ್ಲಿ ತಪ್ಪಿದ್ದ. ನನ್ನಪ್ಪನ ಸಾವಿನಲ್ಲೂ ಅವನ ಅಳುವೇ ನನ್ನದಕ್ಕಿಂತ ಚೆನ್ನಾಗಿತ್ತು, ಮತ್ತು ಅಷ್ಟು ದುಃಖದ ನಡುವೆಯೂ ನನಗೆ ಹೊಟ್ಟೆ ಉರಿಯಿತು.

ಈ ವಸಂತದಲ್ಲಿ, ನನಗಿಂತ ಚಿಕ್ಕವನಾಗಿಯೂ ನನಗಿಂತ ಮೊದಲೇ ತಾನಾಗಿ ಕೇಳಿ ಪಡೆದ ಅವನ ನಿವೃತ್ತಿಯ ಔತಣ ನಡೆಯಿತು. ಹಬೆಯಾಡುವ ತಲೆ ಬಂತು, ರೂಢಿಯಂತೆ ಅವನ ಮುಂದೆ ನಿಂತಿತು. ಅವನು ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ನನ್ನತ್ತ ಸರಿಸಿದ. "ತಾಕೆ, ಇನ್ಮೇಲೆ ಇದು ನಿಮ್ದು." ಇಷ್ಟು ವರ್ಷ ಹಂಬಲಿಸಿದ ಚೂರಿ ಕೈಗೆ ಬಂದಾಗ ಎಲ್ಲಿಂದ ಆರಂಭಿಸಬೇಕೆಂದೇ ತಿಳಿಯಲಿಲ್ಲ. "ಮೊದ್ಲು ಕೆನ್ನೆ," ಎಂದು ಅವನು ಕಿವಿಯಲ್ಲಿ ಹೇಳಿದ. ಕೊಯ್ದೆ. ಕೊಯ್ದ ತುಂಡನ್ನು ಬೆರಳಲ್ಲಿ ಹಿಡಿದು, ಸುತ್ತಲು ಕಾಗದಕ್ಕಾಗಿ ಮೇಜಿನ ಮೇಲೆ ತಡಕಾಡಿದೆ. ಆಗ ನೋಡುತ್ತೇನೆ, ಅವನೂ ಕೋಟಿನ ಜೇಬಿನಿಂದ ಮಡಿಸಿದ ಕಾಗದ ತೆಗೆದು ನನ್ನತ್ತ ಚಾಚಿದ್ದಾನೆ. ಇಬ್ಬರ ಕೈಗಳೂ ಅಲ್ಲೇ ನಿಂತವು. ಯಾರಿಗೆ ಕಳಿಸುವುದು? ಪಂಕ್ತಿ ಅವನ ಮಾತಿಗಾಗಿ ಕಾಯುತ್ತಿತ್ತು. ಅವನು ಟೋಪಿ ತೆಗೆದು ಅಂಗಾತ ಇಟ್ಟ, ಅದರೊಳಗೆ ಇಣುಕಿದ, ತಲೆಯೆತ್ತಲೇ ಇಲ್ಲ.

ಕೊನೆಗೆ ನಾನೇ ಆ ತುಂಡನ್ನು ಎರಡಾಗಿ ಕೊಯ್ದು ಅರ್ಧವನ್ನು ಅವನ ತಟ್ಟೆಗೆ ಹಾಕಿದೆ. "ಅಪ್ಪನ ಪಾಲು. ತಿನ್ನೋ," ಎಂದೆ. ನನಗೆ ಹೊಳೆದದ್ದು ಅಷ್ಟೇ. ಅವನು ತಿಂದ.

ವಾಗ್ಮಿಗಳ ಕುಲದ ಬಗ್ಗೆ ಜೀವಮಾನವಿಡೀ ಪಾಠ ಹೇಳಿದವನು ನಾನು. ಉಚ್ಚಾರ, ವಿರಾಮ, ಅಲಂಕಾರಗಳ ಸಾಧನೆಯಿಂದ ಅಂಥವರು ರೂಪುಗೊಳ್ಳುತ್ತಾರೆಂದು ನಂಬಿದ್ದವನು. ಮನೆಯೊಳಗೆ "ಅಪ್ಪಾ" ಎಂದು ಮೆಲ್ಲಗೆ ಕರೆದರೆ ಓಗೊಡುವವರಿಲ್ಲದವರೇ ಊರಿಗೆಲ್ಲ ಕೇಳುವಂತೆ ಕರೆಯುವುದನ್ನು ಕಲಿಯುತ್ತಾರೇನೋ ಎಂದು ಈಗ ಅನ್ನಿಸುತ್ತದೆ. ನಾನೂ ಆ ಕುಲಕ್ಕೆ ಸೇರಿ ಒಂದು ಚಳಿಗಾಲ ಕಳೆಯಿತು. ನನ್ನ ಮಾತು ಮಾತ್ರ ಇನ್ನೂ ಸಪ್ಪೆಯೇ.