ಸೇಸಕ್ಕ ನಕ್ಕ ಸಂಜೆ

ಬೆಳ್ತಂಗಡಿ ಪೇಟೆಗೆ ಕರೆಂಟು ಬಂದ ಹೊಸತು. ಪಕ್ಕದ ಲಾಯಿಲದ ಕಡೆ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಸಾಕು, ಪೇಟೆಯಿಡೀ ಕತ್ತಲು. ಜನ ಬೈದುಕೊಳ್ಳುತ್ತಿದ್ದರು. ಆದರೆ ಹೋಟೆಲು ನಡೆಸುವ ಭೋಜ ಎಂಬವನ ಮನೆಯ ಆಚೀಚೆಯವರಿಗೆ ಅದರಿಂದ ಅಂಥ ಬೇಸರವೇನೂ ಇರಲಿಲ್ಲ. ಕರೆಂಟು ಹೋದ ಕೂಡಲೇ ಅವರೆಲ್ಲ ಅವನ ಜಗಲಿಗೆ ಬಂದು ಸೇರುತ್ತಿದ್ದರು. ಭೋಜನ ಹೆಂಡತಿ ಕಾಂತಿಗೆ ಯಾರ ಸ್ವರವನ್ನಾದರೂ ಇದ್ದ ಹಾಗೆಯೇ ತೆಗೆಯುವ ವಿದ್ಯೆ ಒಲಿದಿತ್ತು. ಮೂಡಬಿದಿರೆ ಬಸ್ಸಿನ ಕಂಡಕ್ಟರು ಮೂಗಿನಲ್ಲಿ ಕೂಗುವುದು, ಆಸ್ಪತ್ರೆಯ ಕಂಪೌಂಡರು ರೋಗಿಗಳನ್ನು ಗದರಿಸುವುದು, ಚಹಾದಲ್ಲಿ ಸಕ್ಕರೆ ಕಡಿಮೆಯೆಂದು ಗಿರಾಕಿ ಭೋಜನ ಹತ್ತಿರ ಜಗಳ ತೆಗೆಯುವುದು, ಒಂದೊಂದನ್ನೂ ಮಾಡಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದಳು.

"ದೀಪ ಹಚ್ಚುವುದು ಬೇಡ," ಎನ್ನುತ್ತಿದ್ದರು ಎದುರಿನ ಬಟ್ಟೆ ಅಂಗಡಿಯ ಪದ್ಮಯ್ಯ. "ಮುಖ ಕಂಡರೆ ಕಾಂತಿ ಅಂತ ಗೊತ್ತಾಗ್ತದೆ. ಕತ್ತಲಾದರೆ ಕಂಡಕ್ಟರನೇ ಬಂದು ಕೂತ ಹಾಗೆ!"

ಆ ಜಗಲಿಯ ಬೆಂಚಿನ ತುದಿಯಲ್ಲಿ ಭೋಜನ ಅಕ್ಕ ಸೇಸಮ್ಮನೂ ಕೂರುತ್ತಿದ್ದರು. ಕಾಂತಿ ಅವರನ್ನು ಸೇಸಕ್ಕ ಎಂದು ಕರೆಯುತ್ತಿದ್ದಳು. ನೆರಿಯ ಎಂಬ ಊರಿನಲ್ಲಿ ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವರು. ಅದಕ್ಕೂ ಮೊದಲೇ ಒಂದು ಕೆಟ್ಟ ಜ್ವರ ಅವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಹತ್ತಿರ ನಿಂತು ಗಟ್ಟಿಯಾಗಿ ಹೇಳಿದರೆ ಚೂರು ಕೇಳುತ್ತಿತ್ತು, ಉಳಿದದ್ದನ್ನು ಎದುರಿನವರ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ತಿಳಿಯದಿದ್ದರೆ ಅಂಗೈಯನ್ನು ಕಿವಿಗೆ ಹಿಡಿದು, ಕುತ್ತಿಗೆ ಚಾಚಿ, ಬಾಯಿ ತುಸು ತೆರೆದು "ಎಂಥ? ಎಂಥ ಹೇಳಿದ್ದು?" ಎನ್ನುತ್ತಿದ್ದರು. ಆ ಸ್ವರ ರಸ್ತೆಯವರೆಗೂ ಹೋಗುತ್ತಿತ್ತು.

ಕತ್ತಲಲ್ಲಿ ತುಟಿಯೂ ಕಾಣುವುದಿಲ್ಲ. ಆದರೂ ಅವರು ಎದ್ದು ಒಳಗೆ ಹೋಗುತ್ತಿರಲಿಲ್ಲ. ನಗುವವರ ಮೈ ಕುಲುಕಿ ಬೆಂಚು ಅಲುಗಿದಾಗ ಅವರಿಗೆ ಗೊತ್ತಾಗುತ್ತಿತ್ತು. ಉಳಿದವರಿಗಿಂತ ಒಂದು ಗಳಿಗೆ ತಡವಾಗಿ ಅವರೂ ನಗುತ್ತಿದ್ದರು.

ಒಂದು ಬೇಸಗೆಯ ಸಂಜೆ ಹೀಗೆಯೇ ಕರೆಂಟು ಹೋಯಿತು. ಜಗಲಿ ತುಂಬಿತು. ಕಾಂತಿ ಕಂಡಕ್ಟರನನ್ನು ಮಾಡಿದಳು, ಕಂಪೌಂಡರನನ್ನು ಮಾಡಿದಳು. ಆದರೆ ಎಲ್ಲವೂ ಕೇಳಿ ಹಳತಾದವು, ನಗು ಹಿಂದಿನಷ್ಟು ಏಳಲಿಲ್ಲ.

"ಹೊಸತು ಎಂಥದ್ದೂ ಇಲ್ಲವಾ ಮಾರಾಯ್ತಿ?" ಎಂದರು ಪದ್ಮಯ್ಯ.

ಕಾಂತಿಗೆ ಆ ಮಾತು ಚುಚ್ಚಿತು. ಒಂದು ಕ್ಷಣ ಯೋಚಿಸಿ, ಮೀನು ಮಾರುವ ಇಬ್ರಾಹಿಮನ ಸ್ವರ ತೆಗೆದಳು. "ಬಂಗುಡೆ ಉಂಟು ಅಕ್ಕಾ, ಬಂಗುಡೆ!" ಕೂಡಲೇ ಅವಳ ಬಾಯಿಂದಲೇ ಇನ್ನೊಂದು ಸ್ವರ, ಒಡಕು, ಗಟ್ಟಿ: "ಎಂಥ? ಬಂಗಾರ ಉಂಟಾ? ನನಗೆ ಈ ಪ್ರಾಯದಲ್ಲಿ ಯಾಕೆ ಮಾರಾಯ ಬಂಗಾರ?"

ಯಾರೋ ಕಿಸಕ್ಕೆಂದರು, ಅದರ ಹಿಂದೆಯೇ ಎಲ್ಲರೂ. ಭೋಜನ ನಗು ಕೂಡ ಅದರಲ್ಲಿತ್ತು. ಬೆಂಚು ಕುಲುಕಿತು. ತುದಿಯಿಂದ, ಒಂದು ಗಳಿಗೆ ತಡವಾಗಿ, ಸೇಸಕ್ಕ ಬಾಯ್ತುಂಬ ನಕ್ಕರು.

"ಅಯ್ಯೋ, ಅವರೂ ನಗ್ತಾರಲ್ಲ!" ಎಂದರು ಯಾರೋ. ನಗು ಎರಡು ಪಟ್ಟಾಯಿತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಸೇಸಕ್ಕನ ಆ ನಗು ಏನೂ ಕೇಳಿಸದೆ ಬಂದದ್ದೆಂದು ಕಾಂತಿಗೆ ಉಳಿದವರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಮುಂದುವರಿಸಿದಳು. ಅವರಿಗೆ ಹೇಗೂ ಕೇಳುವುದಿಲ್ಲವಲ್ಲ ಎಂದುಕೊಂಡಳು. ಸ್ವರ ಸರಿಯಾಗಿ ಬರಬೇಕಾದರೆ ಅವಳಿಗೆ ಮೈಯೂ ಹಾಗೆಯೇ ಆಗಬೇಕು. ಕತ್ತಲಲ್ಲಿ ಯಾರಿಗೂ ಕಾಣದಿದ್ದರೂ ಅಂಗೈ ಕಿವಿಗೆ ಹೋಯಿತು, ಕುತ್ತಿಗೆ ಚಾಚಿತು, ಬಾಯಿ ತೆರೆಯಿತು.

"ಎಂಥ? ಎಂಥ ಹೇಳಿದ್ದು?"

ಅದೇ ಹೊತ್ತಿಗೆ ಜಗಲಿಯ ಬಲ್ಬು ಹೊತ್ತಿತು.

ಕಾಂತಿಯ ಕೈ ಕಿವಿಯಲ್ಲೇ ಇತ್ತು. ಎದುರಿಗೆ ಸೇಸಕ್ಕ, ಕಣ್ಣಂಚಿನ ನೀರು ಒರೆಸಿಕೊಳ್ಳುತ್ತ ನಗುತ್ತಿದ್ದರು. ಅವರು ಕಾಂತಿಯ ಕೈ ನೋಡಿದರು, ಬಾಯಿ ನೋಡಿದರು. ಆಮೇಲೆ ಬೆಂಚಿನಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದರು. ಪದ್ಮಯ್ಯ ನೆಲ ನೋಡಿದರು. ಪಕ್ಕದ ಮನೆಯ ಜುಲೈಕಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೇಸಕ್ಕನ ಮುಖದ ನಗು ಕೂಡಲೇ ಹೋಗಲಿಲ್ಲ, ಎಲ್ಲಿ ಇಳಿಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

"ನಾನು ಹಾಗೆ ಕಾಣುವುದಾ ಕಾಂತಿ?" ಎಂದು ಕೇಳಿದರು. ಕೋಪದಿಂದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು.

ಕಾಂತಿ ಕಿವಿಯಿಂದ ಕೈ ಇಳಿಸಿದಳು. ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಆ ದಿನ ಊಟಕ್ಕೆ ಕೂತಾಗ ಭೋಜ ಏನಾದರೂ ಬೈದರೆ ಸಾಕೆಂದು ಕಾಂತಿ ಕಾದಳು. ಅವನು ಬೈಯಲಿಲ್ಲ. ತಾನೂ ನಕ್ಕವನಲ್ಲವೇ, ತಲೆ ತಗ್ಗಿಸಿ ಉಂಡು ಎದ್ದ.

ಮರುದಿನದಿಂದ ಸೇಸಕ್ಕನ ಕೈ ಕಿವಿಗೆ ಹೋಗಲಿಲ್ಲ. "ಎಂಥ?" ಎಂದು ಕೇಳುವುದೂ ನಿಂತಿತು. ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದರು. ಮನೆ ಶಾಂತವಾಯಿತು. ಕಾಂತಿ ಕ್ಷಮೆ ಕೇಳಲು ಎರಡು ಸಲ ಎದುರು ಹೋಗಿ ನಿಂತಳು. ಕ್ಷಮೆಯನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, ರಸ್ತೆಯವರಿಗೂ ಕೇಳುತ್ತದೆ. ಅದಕ್ಕೆ ನಾಚಿ ಹಿಂದೆ ಬಂದಳು.

ಒಂದು ಬೆಳಿಗ್ಗೆ ಅಡುಗೆಮನೆಯಿಂದ ಕಾಂತಿ, "ಬಾವಿಯ ಹಗ್ಗ ಸವೆದಿದೆ ಸೇಸಕ್ಕ, ನೀರು ಎಳೆಯಬೇಡಿ," ಎಂದಳು. ಸೇಸಕ್ಕ ತಲೆಯಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಬಾವಿಕಟ್ಟೆಯಿಂದ ಧಡಾರೆಂದು ಸದ್ದು. ಓಡಿ ಹೋಗಿ ನೋಡಿದರೆ ಹಗ್ಗ ತುಂಡಾಗಿ ಕೊಡಪಾನ ಬಾವಿಯ ಪಾಲಾಗಿತ್ತು, ಸೇಸಕ್ಕ ಹಿಮ್ಮುಖವಾಗಿ ಬಿದ್ದಿದ್ದರು. ಮುಂದಕ್ಕೆ ಬಿದ್ದಿದ್ದರೆ ಎಂದು ನೆನೆದು ಕಾಂತಿ ಅವರನ್ನು ಬಾವಿಕಟ್ಟೆಯಿಂದ ದೂರ ಎಳೆದಳು.

"ಕೇಳಿಸದಿದ್ದರೆ ಇನ್ನೊಮ್ಮೆ ಕೇಳಬಾರದಾ?" ಎಂದು ಅವರ ಮುಖದ ಹತ್ತಿರ ಕೂಗಿದಳು.

ಸೇಸಕ್ಕ ಅವಳನ್ನು ನೋಡಿದರು. ಉಳುಕಿದ ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, "ಕೇಳಿದರೆ ಚಂದ ಕಾಣುವುದಿಲ್ಲ," ಎಂದರು.

ಆ ವಾರದಲ್ಲೇ ಮತ್ತೆ ಕರೆಂಟು ಹೋಯಿತು. ಅಭ್ಯಾಸಬಲದಿಂದ ಜನ ಬಂದರು. "ಕಾಂತೀ, ಶುರು ಮಾಡು!" ಎಂದು ಕರೆದರು. ಕಾಂತಿ ಚಿಮಿಣಿ ದೀಪ ಹಚ್ಚಿದಳು. ಜಗಲಿಗೆ ಹೋಗದೆ ಅದನ್ನು ಹಿಡಿದು ಒಳಕೋಣೆಗೆ ಹೋದಳು. ಕತ್ತಲಲ್ಲಿ ಒಬ್ಬರೇ ಕೂತಿದ್ದ ಸೇಸಕ್ಕನ ಎದುರು ಕೂತು, ದೀಪವನ್ನು ತನ್ನ ಗಲ್ಲದ ಹತ್ತಿರ ಎತ್ತಿ ಹಿಡಿದಳು. ತುಟಿ ಕಾಣಲಿ ಎಂದು.

"ನನ್ನದು ತಪ್ಪಾಯ್ತು ಸೇಸಕ್ಕ," ಎಂದಳು ನಿಧಾನವಾಗಿ. ಕೂಗುವ ಅಗತ್ಯವೇ ಇರಲಿಲ್ಲ.

ಸೇಸಕ್ಕ ಅವಳ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ, "ಆವತ್ತು ಎಂಥ ಹೇಳಿ ನಗಿಸಿದ್ದು? ಜುಲೈಕಾನನ್ನು ಕೇಳಿದೆ, ಹೇಳಲಿಲ್ಲ. ನನಗೊಬ್ಬಳಿಗೆ ಗೊತ್ತಿಲ್ಲ," ಎಂದರು.

"ಬೇಡ ಸೇಸಕ್ಕ."

"ಹೇಳು."

ಕಾಂತಿ ಹೇಳಿದಳು. ಒಂದೊಂದೇ ಪದ ಬಿಡಿಸಿ ಹೇಳಬೇಕಾಯಿತು. ಜಗಲಿಯನ್ನು ಕುಲುಕಿಸಿದ ಮಾತು ಹಾಗೆ ಬಿಡಿಸಿದಾಗ ಅದರಲ್ಲಿ ನಗುವಂಥದ್ದು ಏನೂ ಉಳಿದಿರಲಿಲ್ಲ. ಬಂಗಾರದ ಮಾತಿಗೆ ಬಂದಾಗ ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಸೇಸಕ್ಕ ಹುಬ್ಬು ಗಂಟಿಕ್ಕಿದರು. "ನಾನು ಇಬ್ರಾಹಿಮನ ಹತ್ತಿರ ಹಾಗೆ ಹೇಳಿದ್ದು ಉಂಟಾ?"

"ಇಲ್ಲ. ಅದು ನಾನೇ ಕಟ್ಟಿದ್ದು."

"ಅಷ್ಟು ತಪ್ಪಾಗಿ ಕೇಳಿಸಿಕೊಳ್ಳುವುದಿಲ್ಲ ಅಲ್ಲವಾ ನಾನು?"

"ಇಲ್ಲ, ಇಲ್ಲ ಸೇಸಕ್ಕ." ಇಷ್ಟು ದಿನ ಅವರು ಈ ಒಂದು ಹೆದರಿಕೆಯನ್ನು ಹೊತ್ತು ತಿರುಗಿದ್ದರೆಂದು ಕಾಂತಿಗೆ ಆಗ ತಿಳಿಯಿತು. ತಡೆಯಲಾಗದೆ ಅತ್ತುಬಿಟ್ಟಳು.

"ಅಳಬೇಡ," ಎಂದರು ಸೇಸಕ್ಕ, ದೀಪವನ್ನು ಅವಳ ಕೈಯಿಂದ ತೆಗೆದುಕೊಂಡು. "ಅತ್ತರೆ ಬಾಯಿ ಸೊಟ್ಟಾಗ್ತದೆ. ಎಂಥ ಹೇಳ್ತಿ ಅಂತ ನನಗೆ ಗೊತ್ತಾಗುವುದಿಲ್ಲ."

ಆಮೇಲೆ ಕರೆಂಟು ಹೋದಾಗ ಭೋಜನ ಜಗಲಿಯಲ್ಲಿ ದೀಪ ಉರಿಯುತ್ತಿತ್ತು. ಮಜ ಹೋಯಿತೆಂದು ಪದ್ಮಯ್ಯ ಗೊಣಗಿದರು. ಕಾಂತಿ ಕಿವಿಗೆ ಹಾಕಿಕೊಳ್ಳಲಿಲ್ಲ. ಸೇಸಕ್ಕ ಎದುರಿಗೇ ಕೂತು, ತುಟಿ ನೋಡಿ, ಕಂಡಕ್ಟರನ ಮಾತಿಗೆ ಎಲ್ಲರ ಜೊತೆಗೇ ನಕ್ಕರು. ದಿನ ಕಳೆದ ಹಾಗೆ ಇಬ್ರಾಹಿಮನ ಹತ್ತಿರ, ಜುಲೈಕಾ ಹತ್ತಿರ, ತಮ್ಮನ ಹತ್ತಿರ "ಎಂಥ?" ಎಂದು ಕೇಳುವುದೂ ಶುರುವಾಯಿತು.

ಕಾಂತಿಯ ಹತ್ತಿರ ಮಾತ್ರ ಕೇಳಲಿಲ್ಲ. ಅವಳ ಮಾತು ತಿಳಿಯದಿದ್ದಾಗ ಸುಮ್ಮನೆ ತಲೆಯಾಡಿಸುತ್ತಿದ್ದರು. ತಿಳಿದು ಆಡಿಸಿದ ತಲೆ ಯಾವುದು, ತಿಳಿಯದೆ ಆಡಿಸಿದ್ದು ಯಾವುದು ಎಂದು ಗುರುತಿಸಲು ಕಾಂತಿ ಕಲಿತಳು. ಎರಡನೆಯದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದುರು ಹೋಗಿ ನಿಂತು, ಅವರು "ಎಂಥ?" ಎಂದು ಕೇಳದೆಯೇ ಇನ್ನೊಮ್ಮೆ ಹೇಳುತ್ತಿದ್ದಳು.