ಅಮ್ಮ ನೋಡದ ಸರೋವರ

ಸರೋವರದ ದಡದ ಹಳೆಯ ವಸತಿಗೃಹವನ್ನು ಮಾರಿದ ಮೇಲೆ ಮಗಳು ಅಮ್ಮನನ್ನು ಮೊದಲ ಸಲ ಅಲ್ಲಿಗೆ ಊಟಕ್ಕೆ ಕರೆತಂದಳು. ಅಪ್ಪನ ಮನೆತನದವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಜಾಗ ಅದು. ಸೊಸೆಯಾಗಿ ಬಂದ ಅಮ್ಮ ಕೂದಲು ಹಣ್ಣಾಗುವವರೆಗೂ ಅದರ ಅಡುಗೆಮನೆಯಲ್ಲೇ ದುಡಿದಿದ್ದಳು.

ಹೊಸ ಮಾಲೀಕ ಕಿಟಕಿ ಪಕ್ಕದ ಮೇಜನ್ನೇ ಕೊಟ್ಟ. ಆದರೂ ಬಾಗಿಲು ಸದ್ದಾದಾಗಲೆಲ್ಲ ಅಮ್ಮ ಏಳಲು ಹೋಗುತ್ತಿದ್ದಳು.

“ಗಿರಾಕಿ ಬಂದ್ರಲ್ಲೇ, ಯಾರೂ ವಿಚಾರಿಸ್ತಾನೇ ಇಲ್ಲ.”

“ಇವತ್ತು ನೀನೂ ಗಿರಾಕೀನೇ ಅಮ್ಮ. ಸುಮ್ನೆ ಕೂತ್ಕೋ.”

ಹುರಿದ ಮೀನು ಬಂತು. “ಉಪ್ಪು ಒಂಚೂರು ಮುಂದು,” ಎಂದು ಪಿಸುಗುಟ್ಟಿದರೂ ಅಮ್ಮ ತಟ್ಟೆ ಖಾಲಿ ಮಾಡಿದಳು. ಬಿಸಿ ಆರುವ ಮೊದಲು ಅವಳು ಉಂಡದ್ದನ್ನು ಮಗಳು ಅದುವರೆಗೆ ಕಂಡದ್ದೇ ಇರಲಿಲ್ಲ.

ಆಮೇಲೆ ಕಾಫಿ ಕುಡಿಯುತ್ತಾ ಅಮ್ಮ ಹೊರಗೆ ನೋಡಿದಳು. ಬಿಸಿಲಿಗೆ ನೀರು ಹೊಳೆಯುತ್ತಿತ್ತು. ಆಚೆ ದಡದ ಗುಡ್ಡಗಳು ಅದರಲ್ಲಿ ತಲೆಕೆಳಗಾಗಿ ಕಾಣುತ್ತಿದ್ದವು. ಅಡುಗೆಮನೆಯ ಕಿಟಕಿ ಇದ್ದದ್ದು ರಸ್ತೆಯ ಕಡೆಗೆ.

“ಊಟ ಮುಗಿದ್ರೂ ಜನ ಏಳ್ತಾನೇ ಇರ್ಲಿಲ್ಲ,” ಎಂದಳು. “ಇವರಿಗೇನು ಮನೆಮಠ ಇಲ್ವಾ ಅಂತ ನಿಮ್ಮಪ್ಪನ ಹತ್ರ ಗೊಣಗ್ತಿದ್ದೆ. ‘ನೀನೂ ಒಂದ್ಗಳಿಗೆ ಬಂದು ಕೂತ್ಕೋ, ಗೊತ್ತಾಗುತ್ತೆ’ ಅಂತಿದ್ರು. ಒಲೆ ಮೇಲೆ ಹಾಲಿಟ್ಟಿದೀನಿ ಅಂತಿದ್ದೆ.”

ಅಪ್ಪ ತೀರಿಕೊಂಡು ವರ್ಷಗಳೇ ಆಗಿದ್ದವು. ಮಗಳು ತನ್ನ ಕುರ್ಚಿಯನ್ನು ಅಮ್ಮನ ಪಕ್ಕಕ್ಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, “ಹೊರಡೋಣ್ವಾ?” ಎಂದು ಕೇಳಿದಳು.

“ಯಾಕೆ, ಅವಸರ ಏನು?” ಎಂದಳು ಅಮ್ಮ, ನೀರಿನಿಂದ ಕಣ್ಣು ತೆಗೆಯದೆ. “ಇನ್ನೊಂದು ಕಾಫಿ ಹೇಳು.”