ಮಗ್ಗದ ಗುಂಡಿಯಲ್ಲಿ ಮೊದಲ ಊಟ

ನಮ್ಮ ಮೆಸ್ಸಿಗೆ ಬಂದವರೆಲ್ಲ ಮೊದಲು ಕೇಳುವುದು, ಕಿಟಕಿಗಳು ಯಾಕೆ ಇಷ್ಟು ಕೆಳಗಿವೆ ಎಂದು. ಅವು ನಿಂತವರಿಗಾಗಿ ಇಟ್ಟ ಕಿಟಕಿಗಳಲ್ಲ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದವರ ಮಗ್ಗಕ್ಕೆ ಬೆಳಕು ಬೀಳಲೆಂದು ನನ್ನ ಮಾವನ ಅಪ್ಪ ಇಡಿಸಿದವು. ಗೋಡೆ ಮಣ್ಣಿನದು, ಮೊಳದಷ್ಟು ದಪ್ಪ. ನಮ್ಮೂರು ಸಿರುಮುಗೈಯ ಹೊಳೆಯ ತಂಪು ಒಳಗೇ ನಿಂತು ರೇಷ್ಮೆ ಎಳೆ ಕಡಿಯದಂತೆ ಕಾಯುತ್ತಿತ್ತಂತೆ. ಮಾವ ತೀರಿಕೊಂಡ ಮೇಲೆ ಮಗ್ಗಗಳು ಒಂದೊಂದಾಗಿ ನಿಂತವು. ಆಮೇಲೆ ಆ ಹಜಾರ ನೂಲಿನ ಗೋದಾಮಾಯಿತು. ಗೋದಾಮೂ ಖಾಲಿಯಾಗಿ ಇಲಿಗಳ ಪಾಲಾಯಿತು. ಸೀರೆ ಕೊಳ್ಳಲು ಕಾರು ಮಾಡಿಕೊಂಡು ಬರುವವರು ಊಟಕ್ಕೆ ಪಕ್ಕದೂರಿಗೆ ಓಡುವುದನ್ನು ನೋಡಿ ನೋಡಿ, ಇಲ್ಲೇ ಮೆಸ್ ಇಡೋಣ ಎಂದು ಹಟ ಹಿಡಿದವಳು ನಾನು, ಸರಣ್ಯಾ. ನನ್ನ ಗಂಡ ಕುಮರೇಶನ್ ಹಟದಲ್ಲಿ ಯಾವತ್ತೂ ನನಗೆ ಸಮ ಬಂದವರಲ್ಲ.

ಗುಂಡಿಗಳನ್ನು ಮುಚ್ಚಿಸಿ ಮೇಜು ಹಾಕಿಸಿದೆವು. ನನ್ನ ಅತ್ತೆ ಪೆರಿಯನಾಯಕಿ ನೇಯುತ್ತಿದ್ದ ಗುಂಡಿಯೊಂದನ್ನು ಮಾತ್ರ ಹಾಗೇ ಬಿಟ್ಟು, ಮುಂದೆ ಅಡ್ಡಲಾಗಿ ಹಲಗೆ ಇಡಿಸಿದೆ. ಮೊದಲ ಎಲೆ ಅಲ್ಲೇ, ಅತ್ತೆಗೇ. ಅವರು ಉಣ್ಣದೆ ಬೇರೆ ಯಾರಿಗೂ ಬಡಿಸುವುದಿಲ್ಲ ಎಂದು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೆ. ನನ್ನ ಬಾಯಿ ಹಾಗೇ, ಮೊದಲು ಆಡಿಬಿಡುತ್ತದೆ.

ಶುರು ಮಾಡುವ ದಿನ ಎಲೆ ಹಾಕಿಯಾಯಿತು, ಅನ್ನ ಬಡಿಸಿಯಾಯಿತು. ಅತ್ತೆ ಹೊಸ್ತಿಲಾಚೆಯೇ ನಿಂತರು.

"ಒಳಗ್ ಬನ್ನಿ ಅತ್ತೆ, ಅನ್ನ ಆರೋಗ್ತದೆ," ಎಂದೆ.

"ನಾ ಬರಲ್ಲಮ್ಮ. ತರಿ ಇದ್ದ ಜಾಗ ಇದು. ಇಲ್ಲಿ ಕೂತು ಸಾಂಬಾರ್ ಉಣ್ಣಾದಾ?"

ಮಗ್ಗಕ್ಕೆ ನಮ್ಮ ಮನೆಯಲ್ಲಿ ತಮಿಳಿನ ಹಾಗೆ ತರಿ ಎಂದೇ ಹೇಳುವುದು, ರೇಷ್ಮೆಗೆ ಪಟ್ಟು ಎಂದು. ಆ ಹಜಾರದೊಳಗೆ ಯಾರೂ ಯಾವತ್ತೂ ಒಂದು ತುತ್ತು ತಿಂದದ್ದಿಲ್ಲ. ತೊಟ್ಟು ಎಣ್ಣೆ ಬಿದ್ದರೆ ರೇಷ್ಮೆ ಹಾಳು. ಕಾಫಿ ಬೇಕಾದವರು ಎದ್ದು ಅಂಗಳಕ್ಕೆ ಹೋಗಿ ಕುಡಿದು, ಕೈ ತೊಳೆದು ಒರೆಸಿಕೊಂಡೇ ಒಳಗೆ ಬರಬೇಕು. ಆ ಕಾವಲು ಅತ್ತೆಯದು. ಸ್ವಂತ ಅಣ್ಣನನ್ನೇ ಬಾಳೆಹಣ್ಣಿನ ಸಮೇತ ಹೊರಗೆ ಕಳಿಸಿದವರು ಅವರು.

"ಈಗ ಪಟ್ಟೂ ಇಲ್ಲ, ತರಿಯೂ ಇಲ್ಲ, ಬಾ ಅವ್ವಾ," ಎಂದರು ಕುಮರೇಶನ್.

"ನೀ ಪೇಸಬೇಡ, ಬಾಯ್ ಮುಚ್ಚು. ಮುರುಕು ತಿಂದ ಕೈಯಾಗೆ ಬಂದು ಆ ಮದುವೆ ಸೀರೆ ಮುಟ್ಟಿದವನು ನೀನೇ ಅಲ್ವಾ!"

ಆ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಯಾರದೋ ಮದುವೆಗೆಂದು ಅತ್ತೆ ಇದೇ ಗುಂಡಿಯಲ್ಲಿ ಕೂತು ನೇಯ್ದ ಕೆಂಪು ಸೀರೆ. ಚಿಕ್ಕವರಾಗಿದ್ದ ನನ್ನ ಗಂಡ ಅದರ ಮೇಲೆ ಎಣ್ಣೆಗೈಯ ಐದು ಬೆರಳೂ ಊರಿಬಿಟ್ಟರು. ಕಲೆ ಬಿದ್ದ ಸೀರೆ ಮನೆಯಲ್ಲೇ ಉಳಿಯಿತು. ಅವತ್ತಿನಿಂದ ಅದು ಅತ್ತೆಯ ಪೆಟ್ಟಿಗೆಯ ತಳದಲ್ಲಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಜನ ಸೇರಿದ್ದರು. ಬಡಿಸುವ ಮುತ್ತಮ್ಮಾಳ್ ಸೌಟು ಹಿಡಿದುಕೊಂಡು ನನ್ನ ಮುಖ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ. ಅತ್ತೆ ಉಣ್ಣದ ಮೆಸ್ ನನಗೆ ಬೇಕಿರಲಿಲ್ಲ. ದಡದಡನೆ ಮನೆಗೆ ಹೋಗಿ, ಪೆಟ್ಟಿಗೆ ತೆಗೆದು, ಆ ಸೀರೆಯನ್ನೇ ತಂದು ಅವರ ಕೈಗೆ ತುರುಕಿದೆ.

"ಇದನ್ನ ಉಟ್ಕೊಂಡು ಕೂತ್ಕಳಿ. ಆಗ್ಲೇ ಕಲೆ ಬಿದ್ದೈತೆ, ಇನ್ನು ಕೆಡಾಕೆ ಏನೈತೆ?"

ಅತ್ತೆ ಸೀರೆಯ ಅಂಚನ್ನು ಸವರಿದರು. "ಪಟ್ಟು ನೇಯಾಕೆ ನಾವು. ಉಡಾಕಲ್ಲ," ಎಂದರು.

"ಹಂಗಂತ ಯಾರ್ ಹೇಳಿದ್ದು?"

ಅವರು ಯೋಚಿಸಿದರು. "ಯಾರೂ ಹೇಳಿಲ್ಲ," ಎಂದರು ಮೆಲ್ಲಗೆ.

ಅತ್ತೆ ಉಟ್ಟುಕೊಂಡು ಬಂದಾಗ ಮುತ್ತಮ್ಮಾಳ್ ಸೌಟು ಕೆಳಗಿಟ್ಟಳು. ಊರಿಗೆಲ್ಲ ಮದುವೆ ಸೀರೆ ನೇಯ್ದು ಕೊಟ್ಟ ಹೆಂಗಸು ನೂಲಿನ ಸೀರೆಯಲ್ಲೇ ಮುದುಕಿಯಾಗಿದ್ದರು. ಅದು ನನಗೆ ಹೊಳೆದದ್ದೇ ಆಗ. ಅತ್ತೆ ಯಾರ ಕೈಯನ್ನೂ ಹಿಡಿಯದೆ ಗುಂಡಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರು, ಹಲಗೆಯನ್ನು ಹೊಟ್ಟೆಯ ಹತ್ತಿರಕ್ಕೆ ಎಳೆದುಕೊಂಡರು. ಕಾಲು ಸುಮ್ಮನೆ ಒಂದೆರಡು ಸಲ ತುಳಿದವು, ಕೆಳಗೆ ಮಗ್ಗದ ತುಳಿಮಣೆ ಇನ್ನೂ ಇದೆಯೆಂಬ ಹಾಗೆ.

ಮೊದಲ ತುತ್ತು ಬಾಯಿಗೆ ಹೋಯಿತು. ಎರಡನೆಯದರಿಂದ ಸಾಂಬಾರ್ ಸೆರಗಿನ ಮೇಲೆ ತೊಟ್ಟಿಕ್ಕಿತು.

"ಅವ್ವಾ!" ಎಂದು ಕುಮರೇಶನ್ ಬಟ್ಟೆ ಹಿಡಿದು ಓಡಿಬಂದರು.

ಅತ್ತೆ ತಲೆ ಬಗ್ಗಿಸಿ ಆ ಕಲೆಯನ್ನು ನೋಡಿದರು. ಆಮೇಲೆ ಮಗನನ್ನು ನೋಡಿದರು.

"ಬುಡ್ಲಾ," ಎಂದರು. "ನಿನ್ ಬೆರಳಿನ ಕಲೆ ಇಷ್ಟು ವರ್ಷ ಒಂಟಿಯಾಗಿತ್ತು. ಈಗ ಅದ್ರ ಪಕ್ಕದಾಗೆ ನಂದೂ ಒಂದಿರ್ಲಿ."

ಎಲೆಯನ್ನು ಮುಂದಕ್ಕೆ ಸರಿಸಿ, ಇನ್ನೊಂದು ಸೌಟು ಸಾಂಬಾರ್ ಹಾಕಿಸಿಕೊಂಡರು.